ಸಹಿಗೆ ಮುಂಚಿನ ಸಲಹೆ

ವಕೀಲರು ಎಂದೊಡನೆ ಸಾಮಾನ್ಯರ ಕಣ್ಣ ಮುಂದೆ ಬರುವುದು ಕಪ್ಪು ಕೋಟು, ಕಟಕಟೆ ಮತ್ತು ವರ್ಷಗಟ್ಟಲೆ ಎಳೆಯುವ ವಾಯಿದೆಗಳು. ಆದ್ದರಿಂದಲೇ ಸಮನ್ಸು ಕೈ ಸೇರುವವರೆಗೆ ಅಥವಾ ಠಾಣೆಯಿಂದ ಕರೆ ಬರುವವರೆಗೆ ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯವಿಲ್ಲವೆಂಬ ಭಾವನೆ ಕರ್ನಾಟಕದ ಹಳ್ಳಿಗಳಲ್ಲಿರುವಷ್ಟೇ ನಗರಗಳಲ್ಲೂ ಇದೆ. ವಾಸ್ತವದಲ್ಲಿ 1961ರ ವಕೀಲರ ಅಧಿನಿಯಮದಡಿ ನೋಂದಣಿ ಪಡೆದವರ ಕೆಲಸದಲ್ಲಿ ವಾದ ಮಂಡಿಸುವುದು ಒಂದು ಪಾಲು ಮಾತ್ರ. ಕ್ರಯಪತ್ರ ಓದಿ ಅಭಿಪ್ರಾಯ ಹೇಳುವುದು, ಕರಾರಿನ ಕರಡು ತಿದ್ದುವುದು, ಬಂದ ನೋಟಿಸಿಗೆ ಉತ್ತರ ಬರೆಯುವುದು, ಕೆಲವೊಮ್ಮೆ ದಾವೆ ಹೂಡುವುದೇ ಬೇಡವೆಂದು ಹೇಳಿ ಕಳುಹಿಸುವುದು ಕೂಡ ಅದೇ ವೃತ್ತಿಯ ಭಾಗ. ಈ ಎರಡನೆಯ ಪಾಲನ್ನು ಜನ ಬಳಸಿಕೊಳ್ಳುವುದು ಕಡಿಮೆ. ಬಳಸಿಕೊಂಡರೂ ಸಹಿ ಹಾಕಿ, ಹಣ ಕೊಟ್ಟು, ಗಡುವು ಮೀರಿದ ಮೇಲೆ ಬಳಸಿಕೊಳ್ಳುವುದರಿಂದ ವಕೀಲರು ಕೊಡಬಹುದಾಗಿದ್ದ ಉತ್ತರಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಕೈ ತಪ್ಪಿರುತ್ತವೆ.

ಸಲಹೆ ಕೇಳುವುದಕ್ಕೂ ಪ್ರಕರಣ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು. ನಿರ್ದಿಷ್ಟ ಪ್ರಕರಣವೊಂದರಲ್ಲಿ ತನ್ನ ಪರವಾಗಿ ಹಾಜರಾಗಲು, ಅರ್ಜಿ ಸಲ್ಲಿಸಲು ಮತ್ತು ವಾದಿಸಲು ಕಕ್ಷಿದಾರನು ವಕೀಲರಿಗೆ ಕೊಡುವ ಲಿಖಿತ ಅಧಿಕಾರಕ್ಕೆ ವಕಾಲತ್ತು ಎನ್ನುತ್ತಾರೆ. ಅದಕ್ಕೆ ಸಹಿ ಬಿದ್ದ ಮೇಲೆ ಆ ಪ್ರಕರಣಕ್ಕೆ ಬೇರೆ ವಕೀಲರು ಬರಬೇಕಾದರೆ ಮೊದಲಿನವರ ಒಪ್ಪಿಗೆ ಬೇಕು, ಒಪ್ಪಿಗೆ ಸಿಗದಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಬರಿಯ ಸಲಹೆಗೆ ಇಂತಹ ಯಾವ ಕಟ್ಟೂ ಇಲ್ಲ. ಒಬ್ಬರ ಬಳಿ ಕೇಳಿದ ಪ್ರಶ್ನೆಯನ್ನೇ ಇನ್ನೊಬ್ಬರ ಬಳಿಯೂ ಕೇಳಬಹುದು, ಸಮಾಲೋಚನೆಯ ಶುಲ್ಕ ಕೊಟ್ಟು ಎದ್ದು ಬರಬಹುದು. ಮೊದಲ ಭೇಟಿಯಲ್ಲೇ ವಕಾಲತ್ತಿಗೆ, ಅದರಲ್ಲೂ ಖಾಲಿ ನಮೂನೆಗೆ, ಸಹಿ ಹಾಕುವ ರೂಢಿಗೆ ಕಾನೂನಿನ ಒತ್ತಾಯವೇನೂ ಇಲ್ಲ. ಅದು ಕಕ್ಷಿದಾರರ ಸಂಕೋಚದಿಂದ ಬೆಳೆದು ಬಂದ ರೂಢಿ.

ಕಾನೂನಿನ ಪ್ರಶ್ನೆಗಳು ಒಂದೇ ಸಾಲಿನಲ್ಲಿ ಹುಟ್ಟುತ್ತವೆ, ಉತ್ತರವೂ ಒಂದೇ ಸಾಲಿನಲ್ಲಿ ಬರಲೆಂದು ಜನ ಬಯಸುತ್ತಾರೆ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಇದೆಯೇ ಎಂಬುದು ಕರ್ನಾಟಕದ ವಕೀಲರು ಪ್ರಾಯಶಃ ಅತಿ ಹೆಚ್ಚು ಬಾರಿ ಎದುರಿಸುವ ಪ್ರಶ್ನೆ. ಇದೆ ಎಂದು ಹೇಳಿಬಿಡುವುದು ಸುಲಭ, ಮತ್ತು ಹಲವು ಸಂದರ್ಭಗಳಲ್ಲಿ ಆ ಉತ್ತರ ಸರಿಯೂ ಹೌದು. ಆದರೆ ಎಚ್ಚರದ ವಕೀಲರು ತಕ್ಷಣ ಹಾಗೆ ಹೇಳದೆ ಪ್ರತಿಯಾಗಿ ಪ್ರಶ್ನೆಗಳನ್ನೇ ಕೇಳುತ್ತಾರೆ. ಕುಟುಂಬಕ್ಕೆ ಅನ್ವಯಿಸುವ ಉತ್ತರಾಧಿಕಾರ ಕಾನೂನು ಯಾವುದು, ಆಸ್ತಿ ಪಿತ್ರಾರ್ಜಿತವೋ ತಂದೆಯ ಸ್ವಯಾರ್ಜಿತವೋ, ತಂದೆ ಬದುಕಿದ್ದಾರೆಯೇ, ತೀರಿಕೊಂಡಿದ್ದರೆ ಉಯಿಲು ಬರೆದಿದ್ದರೇ, ಈಗಾಗಲೇ ಪಾಲಾಗಿದೆಯೇ, ಆಗಿದ್ದರೆ ಯಾವಾಗ ಮತ್ತು ಹೇಗೆ, ಯಾವುದಾದರೂ ಹಕ್ಕು ಖುಲಾಸೆ ಪತ್ರಕ್ಕೆ ಮಗಳು ಸಹಿ ಹಾಕಿದ್ದಾಳೆಯೇ ಎಂಬಿವೆಲ್ಲ ಗೊತ್ತಾಗದೆ ಉತ್ತರಕ್ಕೆ ಬೆಲೆ ಇರುವುದಿಲ್ಲ. ಕಕ್ಷಿದಾರರಿಗೆ ಇದು ಮಾತು ತೇಲಿಸುವಂತೆ ಕಾಣಬಹುದು. ಆದರೆ ಈ ಪ್ರತಿಪ್ರಶ್ನೆಗಳೇ ಸಲಹೆಯ ಅರ್ಧಭಾಗ.

ಈ ಪ್ರಶ್ನೆಗಳಲ್ಲಿ ಪ್ರತಿಯೊಂದರ ಹಿಂದೆಯೂ ಒಂದೊಂದು ಕಾನೂನು ನಿಂತಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬರುವಂತೆ ಕರ್ನಾಟಕವು 1994ರ ಜುಲೈ 30ರಿಂದಲೇ ತಿದ್ದುಪಡಿ ಜಾರಿಗೆ ತಂದಿತ್ತು, ಆದರೆ ಆ ದಿನಕ್ಕಿಂತ ಮುಂಚೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಈ ಗೆರೆಯನ್ನು ಅಳಿಸಿತು. ಆ ದಿನ ತಂದೆ ಜೀವಂತವಾಗಿರಬೇಕಿತ್ತೇ ಎಂಬ ವಿಷಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಬಗೆಯಾಗಿಯೂ 2018ರಲ್ಲಿ ಮತ್ತೊಂದು ಬಗೆಯಾಗಿಯೂ ತೀರ್ಪು ಕೊಟ್ಟಿತು, ಆ ಎರಡೂ ಪ್ರಕರಣಗಳು ಕರ್ನಾಟಕದಿಂದಲೇ ದೆಹಲಿಗೆ ಹೋದವು; ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಹಕ್ಕು ಹುಟ್ಟಿನಿಂದ ಬರುವಂಥದ್ದಾದ್ದರಿಂದ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಹೇಳಿ ಗೊಂದಲ ಬಗೆಹರಿಸಿತು. ಹಾಗಿದ್ದರೂ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಾಯಿತ ವಿಭಾಗಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪಾಲಾಗಿದ್ದರೆ, ಅಥವಾ ಆಸ್ತಿ ಅಷ್ಟರಲ್ಲಿ ಮಾರಾಟವಾಗಿದ್ದರೆ, ಅದನ್ನು ಈ ತಿದ್ದುಪಡಿಯ ಬಲದಿಂದ ಕೆದಕಲಾಗದು. ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಗಳ ಬೆಂಬಲವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪುತ್ತವೆ.

ಆಸ್ತಿ ತಂದೆಯ ಸ್ವಯಾರ್ಜಿತವಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಅದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯುವ ಸ್ವಾತಂತ್ರ್ಯ ತಂದೆಗಿದೆ. ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು ಸಮಪಾಲು ಪಡೆಯುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಅನೇಕ ಕುಟುಂಬಗಳಲ್ಲಿ ಇನ್ನೊಂದು ತೊಡಕಿದೆ. 1974ರ ಭೂ ಸುಧಾರಣೆಯ ನಂತರ ಫಾರಂ 7 ಸಲ್ಲಿಸಿ ಭೂ ನ್ಯಾಯಮಂಡಳಿಯಿಂದ ಪಡೆದ ಜಮೀನು ಅರ್ಜಿ ಹಾಕಿದ ಒಬ್ಬನ ಹೆಸರಿನಲ್ಲಿರುತ್ತದೆ, ಆದರೆ ಗೇಣಿ ಮಾಡುತ್ತಿದ್ದುದು ಇಡೀ ಕುಟುಂಬವಾಗಿದ್ದರೆ ಅದು ಕುಟುಂಬದ ಆಸ್ತಿಯೋ ಆ ಒಬ್ಬನದೋ ಎಂಬುದು ಸಾಕ್ಷ್ಯದ ಮೇಲೆ ತೀರ್ಮಾನವಾಗಬೇಕಾದ ವಿಷಯ. ಇಷ್ಟೆಲ್ಲ ಹಿಂದೂ ಕಾನೂನಿನ ಮಾತಾಯಿತು. ಮುಸ್ಲಿಂ ಕುಟುಂಬದಲ್ಲಿ ಷರೀಯತ್ತಿನಂತೆ ಮಗನ ಪಾಲಿನ ಅರ್ಧ ಮಗಳಿಗೆ ಬರುತ್ತದೆ, ಕ್ರೈಸ್ತ ಕುಟುಂಬಕ್ಕೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಅನ್ವಯಿಸಿ ಇಬ್ಬರಿಗೂ ಸಮಪಾಲು ಸಿಗುತ್ತದೆ. ಪಕ್ಕದ ಮನೆಯವರಿಗೆ ಕೋರ್ಟಿನಲ್ಲಿ ಸಿಕ್ಕ ಪಾಲು ತನಗೂ ಸಿಗುತ್ತದೆಂದು ನಂಬಿ ಬರುವ ಕಕ್ಷಿದಾರರಿಗೆ ವಕೀಲರು ಬೇರೆ ಉತ್ತರ ಕೊಟ್ಟರೆ ಅದರಲ್ಲಿ ಮೋಸ ಹುಡುಕಬೇಕಾಗಿಲ್ಲ.

ಹೀಗಿರುವುದರಿಂದ ವಕೀಲರ ಬಳಿ ಹೋಗುವಾಗ ಕತೆಗಿಂತ ಕಾಗದಗಳನ್ನು ಒಯ್ಯುವುದು ಮೇಲು. ಆಸ್ತಿಯ ಪ್ರಶ್ನೆಗೆ ವಂಶವೃಕ್ಷ, ಪಹಣಿ, ಮ್ಯುಟೇಷನ್ ಎಂದರೆ ಹಕ್ಕು ಬದಲಾವಣೆಯ ನಮೂದುಗಳು, ಹಳೆಯ ಕ್ರಯಪತ್ರ ಮತ್ತು ವಿಭಾಗಪತ್ರಗಳು, ಮರಣ ಪ್ರಮಾಣಪತ್ರಗಳು ಬೇಕು. ಇವುಗಳ ಜೊತೆಗೆ ಒಂದು ಹಾಳೆಯ ಮೇಲೆ ಘಟನೆಗಳನ್ನು ಇಸವಿಯ ಕ್ರಮದಲ್ಲಿ ಬರೆದುಕೊಂಡು ಹೋದರೆ ಅರ್ಧ ಗಂಟೆಯ ಸಮಾಲೋಚನೆ ಎರಡು ಗಂಟೆಯಷ್ಟು ಫಲ ಕೊಡುತ್ತದೆ. ತನಗೆ ಪ್ರತಿಕೂಲವಾದ ಕಾಗದವನ್ನು ಮನೆಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ಅದು ವೈದ್ಯರ ಮುಂದೆ ನೋವಿನ ಜಾಗ ಮುಚ್ಚಿಟ್ಟಂತೆ. ಎದುರು ಪಕ್ಷದವರು ಆ ಕಾಗದವನ್ನು ಹಾಜರುಪಡಿಸುವ ದಿನ ಬಂದೇ ಬರುತ್ತದೆ.

ಇಸವಿ ಮತ್ತು ತಾರೀಖುಗಳಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾಲಮಿತಿಯ ಕಾನೂನು ಕಾರಣ. 1963ರ ಕಾಲಮಿತಿ ಅಧಿನಿಯಮದಂತೆ ಕೊಟ್ಟ ಕೈಸಾಲದ ವಸೂಲಿಗೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಸಾಲ ಪಡೆದವನು ಆ ಅವಧಿಯೊಳಗೆ ಸಾಲ ಬಾಕಿ ಇರುವುದನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಬಾಯಿಮಾತಿನ ಭರವಸೆಗೆ ಈ ಬಲವಿಲ್ಲ. ನೆಂಟಸ್ತಿಕೆ ಕೆಡಬಾರದೆಂದು ಸುಗ್ಗಿಯಿಂದ ಸುಗ್ಗಿಗೆ ಕಾಯುತ್ತ ಕೂತವರು ನಾಲ್ಕನೆಯ ವರ್ಷ ವಕೀಲರ ಬಳಿ ಹೋದರೆ ಹಕ್ಕು ಇದ್ದೂ ಪರಿಹಾರವಿಲ್ಲದ ಸ್ಥಿತಿ ಎದುರಾಗುತ್ತದೆ.

ಚೆಕ್ಕು ಅಮಾನ್ಯವಾದ ಪ್ರಕರಣಗಳಲ್ಲಿ ಲೆಕ್ಕ ವರ್ಷಗಳಿಂದ ದಿನಗಳಿಗೆ ಇಳಿಯುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 138ನೆಯ ಕಲಮಿನಡಿ ಅದು ಅಪರಾಧ. ಎರಡು ವರ್ಷದವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಅಲ್ಲಿಗೆ ತಲುಪುವ ಮುಂಚೆ ದಾಟಬೇಕಾದ ಗಡುವುಗಳಿವೆ. ಚೆಕ್ಕನ್ನು ಅದರ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸು ಕಳುಹಿಸಬೇಕು. ನೋಟಿಸು ತಲುಪಿದ ಮೇಲೆ ಚೆಕ್ಕು ಕೊಟ್ಟವನಿಗೆ ಹಣ ಪಾವತಿಸಲು 15 ದಿನ ಬಿಡಬೇಕು. ಆ 15 ದಿನ ಕಳೆದ ಬಳಿಕ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ಅಧಿಕ ದಿನವಿಲ್ಲದ ವರ್ಷವೊಂದರಲ್ಲಿ ಬ್ಯಾಂಕಿನ ಮೆಮೊ ಜನವರಿ 10ರಂದು ಕೈಗೆ ಬಂದಿದೆ ಎಂದಿಟ್ಟುಕೊಂಡರೆ ಫೆಬ್ರುವರಿ 9ರೊಳಗೆ ನೋಟಿಸು ಹೊರಡಬೇಕು. ಅದು ಫೆಬ್ರುವರಿ 14ರಂದು ತಲುಪಿದರೆ ಮಾರ್ಚ್ 1ರವರೆಗೆ ಕಾಯಬೇಕು. ಅಲ್ಲಿಂದ ಮುಂದೆ ಏಪ್ರಿಲ್ 1ರೊಳಗೆ ದೂರು ದಾಖಲಾದರೆ ಗಂಡಾಂತರವಿಲ್ಲ. ಮಾರ್ಚ್ 1ಕ್ಕೆ ಮುಂಚೆಯೇ ಅವಸರದಿಂದ ಸಲ್ಲಿಸಿದ ದೂರು ನಿಲ್ಲುವುದಿಲ್ಲ. ಕೊನೆಯ ಗಡುವು ಮೀರಿದರೆ ಸಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕೇಳಬಹುದು, ಆದರೆ ನೋಟಿಸಿನ 30 ದಿನ ಮೀರಿದರೆ ಅಂತಹ ಮನ್ನಣೆಗೆ ಅವಕಾಶವಿಲ್ಲ.

ಚೆಕ್ಕು ಕೊಟ್ಟವರ ಕಡೆಯಿಂದಲೂ ಇದೇ ವಿಷಯವನ್ನು ನೋಡಬೇಕು. ಚೀಟಿ ಎತ್ತುವಾಗ, ಕೈಸಾಲ ಪಡೆಯುವಾಗ ಖಾತರಿಗೆಂದು ಸಹಿ ಮಾಡಿದ ಖಾಲಿ ಚೆಕ್ಕು ಕೊಡುವುದು ಸಾಮಾನ್ಯ. ಬರೀ ಭದ್ರತೆಗೆ ಕೊಟ್ಟದ್ದು ಎಂಬ ಒಂದೇ ಮಾತು ಕೋರ್ಟಿನಲ್ಲಿ ಸಾಲದು. ಚೆಕ್ಕಿನ ಸಹಿ ತನ್ನದೆಂದು ಒಪ್ಪಿದ ಮೇಲೆ ಅದನ್ನು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ಕಾನೂನು ಪೂರ್ವಭಾವಿಯಾಗಿ ಊಹಿಸುತ್ತದೆ, ಆ ಊಹೆಯನ್ನು ತೊಡೆದುಹಾಕುವ ಹೊಣೆ ಚೆಕ್ಕು ಕೊಟ್ಟವನದು. ಕರ್ನಾಟಕದಿಂದಲೇ ಹೋದ ರಂಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟಪಡಿಸಿತು. ನೋಟಿಸಿಗೆ ಉತ್ತರವನ್ನೇ ಕೊಡದಿದ್ದ ಸಂಗತಿಯೂ ಅಲ್ಲಿ ಆರೋಪಿಗೆ ವಿರುದ್ಧವಾಗಿ ನಿಂತಿತು. ವಕೀಲರ ನೋಟಿಸು ಬಂದರೆ ಅಂಚೆಯವನಿಗೆ ಮನೆಯಲ್ಲಿ ಇಲ್ಲವೆಂದು ಹೇಳಿಸುವುದು, ಬಂದದ್ದನ್ನು ಒಡೆಯದೆ ಅಟ್ಟದ ಮೇಲೆ ಇಡುವುದು ಜಾಣತನವೆಂದು ಎಣಿಸುವವರಿಗೆ ಯಾವ ವಕೀಲರೂ ಮೊದಲು ಹೇಳುವ ಮಾತು, ಉತ್ತರ ಕೊಡಿ ಎಂಬುದೇ.

ಸಹಿಗೆ ಮುಂಚಿನ ಸಲಹೆಯ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಿವೇಶನ ಅಥವಾ ಜಮೀನು ಕೊಳ್ಳುವಾಗ. ಇಲ್ಲಿ ಕೊಳ್ಳುವವನಿಗೆ ಸಲಹೆ ಕೊಡಲು ಬ್ರೋಕರು, ಪತ್ರ ಬರಹಗಾರ, ನೋಟರಿ, ಬ್ಯಾಂಕು ಎಂದು ಹಲವರು ಸಿದ್ಧರಿರುತ್ತಾರೆ, ಒಬ್ಬೊಬ್ಬರ ಕೆಲಸವೂ ಬೇರೆ. ನೋಟರಿಯ ಮುದ್ರೆ ಸಹಿ ಹಾಕಿದವರು ಯಾರೆಂಬುದನ್ನು ದೃಢೀಕರಿಸುತ್ತದೆಯೇ ಹೊರತು ಮಾರುವವನಿಗೆ ಆಸ್ತಿಯ ಮೇಲೆ ಹಕ್ಕಿದೆಯೆಂದು ಹೇಳುವುದಿಲ್ಲ. ಸಾಲ ಕೊಡುವ ಬ್ಯಾಂಕು ತನ್ನ ವಕೀಲರಿಂದ ಪಡೆಯುವ ಅಭಿಪ್ರಾಯ ಬ್ಯಾಂಕಿನ ಹಣದ ರಕ್ಷಣೆಗಾಗಿ ಪಡೆದದ್ದು. ಪಹಣಿಯಲ್ಲಿ ಹೆಸರಿದ್ದರೆ ಸಾಕೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಕಲಮಿನಂತೆ ಪಹಣಿಯ ನಮೂದನ್ನು, ಅದಕ್ಕೆ ವಿರುದ್ಧವಾದದ್ದು ಸಾಬೀತಾಗುವವರೆಗೆ, ಸತ್ಯವೆಂದು ಊಹಿಸಲಾಗುತ್ತದೆ ನಿಜ, ಆದರೆ ಕಂದಾಯ ದಾಖಲೆಗಳು ತಾವಾಗಿಯೇ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಇ.ಸಿ. ಎಂದು ಎಲ್ಲರೂ ಕರೆಯುವ ಋಣಭಾರ ಪ್ರಮಾಣಪತ್ರದಲ್ಲಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಪಾಲುಪಟ್ಟಿಯೂ, ದಾವೆ ಹೂಡಲು ಸಿದ್ಧವಾಗಿ ಕೂತಿರುವ ಅಕ್ಕತಂಗಿಯರೂ ಅದರಲ್ಲಿ ಕಾಣುವುದಿಲ್ಲ.

ಕರ್ನಾಟಕಕ್ಕೇ ವಿಶಿಷ್ಟವಾದ ಒಂದು ಅಪಾಯವೂ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಿಷೇಧಿಸುತ್ತದೆ, ಅಂತಹ ಮಾರಾಟ ಅನೂರ್ಜಿತವಾಗಿ ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗುತ್ತದೆ, ಮತ್ತು ಇದಕ್ಕಾಗಿ ಅರ್ಜಿ ಸಲ್ಲಿಸಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಹತ್ತಾರು ವರ್ಷಗಳಲ್ಲಿ ನಾಲ್ಕಾರು ಕೈ ಬದಲಾಯಿಸಿದ ಜಮೀನು ಮೊದಲು ಯಾರಿಗೆ ಯಾವ ಷರತ್ತಿನ ಮೇಲೆ ಮಂಜೂರಾಗಿತ್ತು ಎಂಬುದನ್ನು ಹುಡುಕದೆ ಕೊಳ್ಳುವ ಧೈರ್ಯವನ್ನು ತಿಳಿದ ವಕೀಲರು ಮಾಡಗೊಡುವುದಿಲ್ಲ. ಹಾಗೆಯೇ ಜಿ.ಪಿ.ಎ. ಎಂಬ ಸಾಮಾನ್ಯ ಅಧಿಕಾರಪತ್ರವನ್ನೂ ನೋಂದಣಿಯಾಗದ ಕ್ರಯದ ಕರಾರನ್ನೂ ಹಿಡಿದು ನಿವೇಶನ ಕೊಂಡೆನೆಂದು ತಿಳಿದವರಿಗೆ ಮಾಲೀಕತ್ವ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತಪಡಿಸಿದೆ. ವಿದೇಶದಲ್ಲಿರುವ ಕನ್ನಡಿಗರು ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಅಧಿಕಾರಪತ್ರ ಕಳುಹಿಸುವುದುಂಟು. ಅದನ್ನು ಅಲ್ಲಿನ ನೋಟರಿ ಅಥವಾ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದರೆ ಕೆಲಸ ಮುಗಿಯುವುದಿಲ್ಲ, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು.

ಒಂದೇ ಒಂದು ವಾಕ್ಯ ಸೇರಿಸುವುದರಿಂದ ಮುಂದಿನ ಹತ್ತು ವರ್ಷದ ಸಂಕಟ ತಪ್ಪುವ ಸಂದರ್ಭಗಳೂ ಇವೆ. ವಯಸ್ಸಾದ ತಂದೆತಾಯಿ ಇರುವ ಮನೆಯನ್ನು ಮಗನಿಗೋ ಮಗಳಿಗೋ ದಾನಪತ್ರ ಮಾಡಿಕೊಟ್ಟ ಮೇಲೆ ನಿರ್ಲಕ್ಷ್ಯಕ್ಕೆ ಒಳಗಾದರೆ, 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ 23ನೆಯ ಕಲಮಿನಡಿ ಆ ದಾನವನ್ನು ಅನೂರ್ಜಿತವೆಂದು ಘೋಷಿಸುವಂತೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಯನ್ನು ಕೇಳಬಹುದು. ಆದರೆ ದಾನ ಪಡೆದವರು ದಾನಿಗಳ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿಗೆ ದಾನ ಒಳಪಟ್ಟಿರಬೇಕೆಂದು ಕಲಮು ಹೇಳುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಈ ಷರತ್ತಿಗೆ ಒತ್ತು ಕೊಟ್ಟರೆ, 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಹಿರಿಯರ ಹಿತದ ದೃಷ್ಟಿಯಿಂದ ಕಾನೂನನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಯಾವ ಪೀಠ ಯಾವ ದಿಕ್ಕಿಗೆ ವಾಲೀತೆಂದು ಊಹಿಸುತ್ತ ಕೂರುವ ಬದಲು ದಾನಪತ್ರದ ಕರಡಿನಲ್ಲೇ ಪೋಷಣೆಯ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ಲೇಸು. ಸಿದ್ಧ ನಮೂನೆಯಲ್ಲಿ ಹೆಸರು ತುಂಬಿಸಿ ಕೊಡುವ ಕಡೆಗಳಲ್ಲಿ ಈ ಸಾಲು ತಾನಾಗಿ ಬಂದು ಸೇರುವುದಿಲ್ಲ, ಮಕ್ಕಳ ಎದುರು ಅದನ್ನು ಕೇಳಲು ಹಿರಿಯರಿಗೆ ಮುಜುಗರ.

ಮೊಬೈಲಿನಲ್ಲಿ ಹುಡುಕಿದರೆ ಕಾನೂನಿನ ಉತ್ತರಗಳು ಈಗ ಹೇರಳವಾಗಿ ಸಿಗುತ್ತವೆ, ಸಾಮಾನ್ಯ ತಿಳಿವಳಿಕೆಗೆ ಅವು ಉಪಯುಕ್ತವೂ ಹೌದು. ತೊಂದರೆ ಇರುವುದು ಅವುಗಳ ಕಾಲದಲ್ಲಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನರ ಬಾಯಲ್ಲಿ ಬೈಗುಳವಾಗಿಯೇ ಉಳಿದುಹೋದ ನಾನೂರಿಪ್ಪತ್ತನೆಯ ಕಲಮು ಈಗ 318ನೆಯ ಕಲಮಿನೊಳಗೆ ಸೇರಿದೆ. ಆದರೆ ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡೂ ಕಾನೂನುಗಳು ಇನ್ನೂ ಹಲವು ವರ್ಷ ಅಕ್ಕಪಕ್ಕದಲ್ಲೇ ನಡೆಯಲಿವೆ. ಠಾಣೆಯಿಂದ ವಿಚಾರಣೆಗೆ ಹಾಜರಾಗುವಂತೆ ನೋಟಿಸು ಬಂದವರಿಗೆ, ಬಂಧನಕ್ಕೆ ಒಳಗಾದವರ ಮನೆಯವರಿಗೆ ಇಂತಹ ಹುಡುಕಾಟಕ್ಕೆ ಸಮಯವೂ ಇರುವುದಿಲ್ಲ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಸಂಪರ್ಕಿಸುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದವೇ ಕೊಟ್ಟಿದೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಂತಹ ಹೊತ್ತಿನಲ್ಲಿ ಲೇಖನಗಳಿಂದ ಪ್ರಯೋಜನವಿಲ್ಲ, ವಕೀಲರೇ ಬೇಕು.

ಹಣವಿಲ್ಲದವರು ವಕೀಲರನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ಅನುಚ್ಛೇದವು ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು ಹೇಳಿತು. ಅದನ್ನು ಕಾರ್ಯರೂಪಕ್ಕೆ ತರುವ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1987ರಲ್ಲಿ ಅಂಗೀಕಾರವಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಪ್ರವಾಹ, ಬರ, ಜಾತಿ ದೌರ್ಜನ್ಯಗಳಿಗೆ ತುತ್ತಾದವರು ಉಚಿತ ಕಾನೂನು ಸೇವೆಗೆ ಅರ್ಹರು. ಉಳಿದವರಿಗೆ ಸರ್ಕಾರ ನಿಗದಿಪಡಿಸುವ ಆದಾಯ ಮಿತಿ ಅನ್ವಯಿಸುತ್ತದೆ. ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಗಂಡನ ಸಂಬಳ ಎಷ್ಟೆಂಬುದು, ತವರು ಸ್ಥಿತಿವಂತರೇ ಎಂಬುದು ಈ ಅರ್ಹತೆಗೆ ಅಡ್ಡ ಬರುವುದಿಲ್ಲ.

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿಯಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರವೂ, ತಾಲ್ಲೂಕುಗಳಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯೂ ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಕೆಲಸ ಮಾಡುತ್ತವೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಬರೆಯಲು ಬಾರದವರ ಹೇಳಿಕೆಯನ್ನು ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಅರ್ಹರೆಂದು ಕಂಡರೆ ವಕೀಲರ ಶುಲ್ಕದ ಜೊತೆಗೆ ನ್ಯಾಯಾಲಯದ ಶುಲ್ಕ, ದಾಖಲೆಗಳ ನಕಲು ಮತ್ತು ಭಾಷಾಂತರದ ವೆಚ್ಚವನ್ನೂ ಪ್ರಾಧಿಕಾರ ಭರಿಸುತ್ತದೆ. 15100 ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ. 2017ರಲ್ಲಿ ಆರಂಭವಾದ ಟೆಲಿ ಲಾ ಯೋಜನೆಯಡಿ ಹಳ್ಳಿಯ ಸಾಮಾನ್ಯ ಸೇವಾ ಕೇಂದ್ರದಿಂದ ದೂರವಾಣಿ ಅಥವಾ ವಿಡಿಯೊ ಮೂಲಕ ವಕೀಲರೊಂದಿಗೆ ಮಾತಾಡಬಹುದು. ಸರ್ಕಾರದ ಕಡೆಯಿಂದ ಪುಕ್ಕಟೆ ಬರುವ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲವೆಂಬ ಅಪನಂಬಿಕೆ ಜನರಲ್ಲಿದೆ, ಅದಕ್ಕೆ ಆಧಾರವೇ ಇಲ್ಲವೆಂದೂ ಹೇಳಲಾಗದು. ಆದರೆ ತೃಪ್ತಿಯಾಗದಿದ್ದರೆ ವಕೀಲರನ್ನು ಬದಲಿಸಿಕೊಡುವಂತೆ ಅದೇ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದೆಂಬುದನ್ನು ಆ ಅಪನಂಬಿಕೆಯುಳ್ಳವರು ಕೇಳಿರುವುದಿಲ್ಲ.

ವಕೀಲರೇ ಬೇಡವಾದ ಕಡೆಗಳೂ ಇವೆಯೆಂದು ಪ್ರಾಮಾಣಿಕ ವಕೀಲರು ತಾವಾಗಿಯೇ ಹೇಳುತ್ತಾರೆ. ಕೆಟ್ಟುಹೋದ ಫ್ರಿಜ್ಜು, ಕೈ ಸೇರದ ವಿಮೆಯ ಹಣದಂತಹ ದೂರುಗಳನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಯ್ದು ಗ್ರಾಹಕನೇ ಖುದ್ದಾಗಿ ವಾದಿಸಬಹುದು, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ 1915 ಸಹಾಯವಾಣಿಯಲ್ಲೇ ಕೆಲವು ದೂರುಗಳು ಬಗೆಹರಿಯುತ್ತವೆ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಆದರೆ ಅಲ್ಲಿನ ಅವಾರ್ಡು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ರಾಜಿಯ ಹಾಳೆಗೆ ಸಹಿ ಹಾಕುವ ಮುಂಚೆ ಅದರ ಷರತ್ತುಗಳನ್ನು ಒಬ್ಬ ವಕೀಲರಿಗೆ ತೋರಿಸುವುದು ಒಳ್ಳೆಯದು.

ಸಲಹೆ ಕೇಳಲು ಹಿಂಜರಿಯುವುದಕ್ಕೆ ಗುಟ್ಟು ಹೊರಬೀಳುವ ಭಯವೂ ಒಂದು ಕಾರಣ. ಊರು ಚಿಕ್ಕದು, ವಕೀಲರೂ ಪರಿಚಿತರು. ಆದರೆ ಕಕ್ಷಿದಾರನು ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸದಂತೆ 1872ರ ಸಾಕ್ಷ್ಯ ಅಧಿನಿಯಮವೇ ವಕೀಲರನ್ನು ಕಟ್ಟಿಹಾಕಿತ್ತು. ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಅದೇ ಬಂಧವನ್ನು ಮುಂದುವರಿಸಿ ವಕೀಲರ ಗುಮಾಸ್ತರಿಗೂ ದುಭಾಷಿಗಳಿಗೂ ಅನ್ವಯಿಸಿದೆ. ಕಾನೂನುಬಾಹಿರ ಉದ್ದೇಶದ ಸಾಧನೆಗಾಗಿ ಆಡಿದ ಮಾತಿಗೆ ಮಾತ್ರ ಈ ರಕ್ಷಣೆಯಿಲ್ಲ: ನಡೆದುಹೋದ ತಪ್ಪನ್ನು ವಕೀಲರಿಗೆ ಹೇಳಿಕೊಂಡರೆ ಅದು ಗುಟ್ಟಾಗಿ ಉಳಿಯುತ್ತದೆ, ಸುಳ್ಳು ಉಯಿಲು ಸೃಷ್ಟಿಸಲು ನೆರವು ಕೇಳಿದರೆ ಉಳಿಯುವುದಿಲ್ಲ. ಧೈರ್ಯಕ್ಕೆಂದು ನೆಂಟರನ್ನೋ ಊರಿನ ಮುಖಂಡರನ್ನೋ ಜೊತೆಗೆ ಕೂರಿಸಿಕೊಂಡು ಮಾತಾಡುವುದು ನಮ್ಮಲ್ಲಿ ವಾಡಿಕೆ. ಹಾಗೆ ಕೂತು ಕೇಳಿಸಿಕೊಂಡವರ ಬಾಯಿಗೆ ಈ ಕಲಮು ಬೀಗ ಹಾಕುವುದಿಲ್ಲ.

ಶುಲ್ಕದ ಮಾತನ್ನು ಮೊದಲೇ ಆಡುವುದು ಅಗೌರವವೆಂದು ಕಕ್ಷಿದಾರರು ಭಾವಿಸುತ್ತಾರೆ, ಕೆಲವು ವಕೀಲರಿಗೂ ಅದು ಹಿತವೆನಿಸುವುದಿಲ್ಲ. ಸಮಾಲೋಚನೆಗೆ ಎಷ್ಟು, ನೋಟಿಸಿಗೆ ಎಷ್ಟು, ಪ್ರಕರಣಕ್ಕೆ ಒಟ್ಟು ಎಷ್ಟು ಅಥವಾ ವಾಯಿದೆಗೆ ಎಷ್ಟು, ನ್ಯಾಯಾಲಯದ ಶುಲ್ಕ ಇದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿದುಕೊಂಡು ರಸೀದಿ ಪಡೆಯುವುದರಲ್ಲಿ ಅಗೌರವವೇನೂ ಇಲ್ಲ. ಗೆದ್ದರೆ ಬರುವ ಪರಿಹಾರದಲ್ಲಿ ಅಥವಾ ಜಮೀನಿನಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಪಡಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯುವುದಕ್ಕೂ ನಿಷೇಧವಿದೆ. ಪ್ರಕರಣ ಖಂಡಿತ ಗೆಲ್ಲಿಸಿಕೊಡುತ್ತೇನೆಂಬ ಭರವಸೆ ಸಿಕ್ಕಿದರೆ ಅಲ್ಲಿಂದ ಎದ್ದು ಬರಲು ಅದೊಂದೇ ಕಾರಣ ಸಾಕು.

ವಕೀಲರ ನಿರ್ಲಕ್ಷ್ಯದಿಂದ ನಷ್ಟವಾಯಿತೆಂದು ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯನ್ನು ಸುಪ್ರೀಂ ಕೋರ್ಟ್ 2024ರ ಮೇ 14ರ ತೀರ್ಪಿನಲ್ಲಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅದು ಹೇಳಿತು. ವೃತ್ತಿಗೆ ಇದರಿಂದ ನೆಮ್ಮದಿಯಾಗಿರಬಹುದು, ಕಕ್ಷಿದಾರರಿಗಂತೂ ಇದು ಒಂದು ಬಾಗಿಲು ಕಳೆದುಕೊಂಡಂತೆಯೇ. ದುರ್ನಡತೆಯ ದೂರನ್ನು ವಕೀಲರ ಅಧಿನಿಯಮದ 35ನೆಯ ಕಲಮಿನಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸುವ ಅವಕಾಶ ಉಳಿದಿದೆ. ಅದು ಎಚ್ಚರಿಕೆ ಕೊಡಬಹುದು, ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಹಣದ ನಷ್ಟ ತುಂಬಿಸಿಕೊಳ್ಳಬೇಕಾದರೆ ಸಿವಿಲ್ ದಾವೆಯೇ ಗತಿ.

ವಕೀಲರನ್ನು ಬದಲಿಸುವ ಸಂದರ್ಭ ಬಂದಾಗ ಹೆಚ್ಚಿನ ಜಗಳ ನಡೆಯುವುದು ಕಡತದ ಮೇಲೆ. ಶುಲ್ಕ ಬಾಕಿಯಿದೆಯೆಂಬ ಕಾರಣಕ್ಕೆ ಕಕ್ಷಿದಾರನ ಕಾಗದಪತ್ರಗಳನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ, ಬಾಕಿಯನ್ನು ಬೇರೆ ಕಾನೂನುಬದ್ಧ ಮಾರ್ಗದಿಂದ ವಸೂಲು ಮಾಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹಕ್ಕು ಹೀಗಿದ್ದರೂ ಸಲಹೆಯ ಹಂತದಲ್ಲಿ ಜೆರಾಕ್ಸ್ ಪ್ರತಿಗಳನ್ನಷ್ಟೇ ಬಿಟ್ಟು ಬರುವುದು, ಮೂಲವನ್ನು ಕೊಡಲೇಬೇಕಾದಾಗ ಯಾವ ಯಾವ ಪತ್ರ ಕೊಟ್ಟೆನೆಂದು ಪಟ್ಟಿ ಮಾಡಿ ಅದರ ಮೇಲೆ ಕಚೇರಿಯ ಸಹಿ ಪಡೆಯುವುದು ವಿವೇಕ. ನೋಂದಾಯಿತ ಕ್ರಯಪತ್ರ ಕಳೆದುಹೋದರೆ ಅದರ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ನೋಂದಣಿಯಾಗದ ಪಾಲುಪಟ್ಟಿಗೆ, ಸಾಲಗಾರ ಸಹಿ ಹಾಕಿಕೊಟ್ಟ ಒಪ್ಪಿಗೆ ಚೀಟಿಗೆ, ಚೆಕ್ಕಿನ ಜೊತೆ ಬಂದ ಬ್ಯಾಂಕಿನ ಮೆಮೊಗೆ ಅಂತಹ ಆಸರೆ ಇಲ್ಲ.